ನಾಲ್ಕನೇ ಮಹಡಿ ಹತ್ತಿ ಬಂದವರಿಗೆ

ನಾನು ನೋಡಿಕೊಳ್ಳುವ ಅಜ್ಜಿಗೆ 90 ದಾಟಿದೆ. ಇಸ್ರೇಲಿನ ಅಶ್ಕೆಲೋನ್‌ನಲ್ಲಿ, ಲಿಫ್ಟ್ ಇಲ್ಲದ ಹಳೆಯ ಕಟ್ಟಡದ ನಾಲ್ಕನೇ ಮಹಡಿಯಲ್ಲಿ ನಮ್ಮಿಬ್ಬರ ವಾಸ. ತಿಂಗಳು ತಿಂಗಳೂ ಆ ಮೆಟ್ಟಿಲು ಹತ್ತಿ ದಿನಸಿಯ ಪೆಟ್ಟಿಗೆ ತಂದಿಟ್ಟ ಸ್ವಯಂಸೇವಕರಿಗೆ, ಗೋದಾಮಿನಲ್ಲಿ ಅದನ್ನು ತುಂಬಿಸಿದವರಿಗೆ, ಹೆಸರು ಹೇಳದೆ ಹಣ ಕೊಟ್ಟವರಿಗೆ ಕೈಮುಗಿಯುತ್ತೇನೆ. ನನ್ನ ಒಡಕು ಹೀಬ್ರೂವಿನಲ್ಲಿ ಅವರಿಗೆ ಹೇಳಿಯಾಗಿದೆ. ಆದರೂ ನಮ್ಮವರ ಎದುರು ಕನ್ನಡದಲ್ಲಿ ಹೇಳದಿದ್ದರೆ ಸಮಾಧಾನವಿಲ್ಲ.

ಮಂಗಳೂರಿಗೆ ಫೋನ್ ಮಾಡಿದಾಗಲೆಲ್ಲ ಅಣ್ಣನದು ಒಂದೇ ಪ್ರಶ್ನೆ: "ಅಷ್ಟು ದುಡ್ಡಿರುವ ದೇಶದಲ್ಲಿ ದಿನಸಿ ಹಂಚುವುದು ಯಾರಿಗೆ ಮಾರಾಯ್ತಿ?"

ಇಂಥವರಿಗೆ. 1989ರ ನಂತರದ ಹತ್ತು ಹನ್ನೆರಡು ವರ್ಷಗಳಲ್ಲಿ ಸೋವಿಯತ್ ನೆಲದಿಂದ ಸುಮಾರು 10 ಲಕ್ಷ ಜನ ಇಲ್ಲಿಗೆ ಬಂದರು. ಲೆನಿನ್‌ಗ್ರಾಡ್‌ನಲ್ಲಿ (ಈಗಿನ ಸೇಂಟ್ ಪೀಟರ್ಸ್‌ಬರ್ಗ್) ಎಂಜಿನಿಯರ್ ಆಗಿದ್ದ ಅಜ್ಜಿ ಬಂದಾಗ ವಯಸ್ಸು ಅರವತ್ತರ ಹತ್ತಿರ. ಸಿಕ್ಕಿದ್ದು ಕಚೇರಿ ಗುಡಿಸುವ ಕೆಲಸ. ಇಲ್ಲಿ ದುಡಿದ ವರ್ಷಗಳೇ ಕಡಿಮೆ, ಹಾಗಾಗಿ ಉದ್ಯೋಗದ ಪಿಂಚಣಿ ಇಲ್ಲ. ವೃದ್ಧಾಪ್ಯ ಭತ್ಯೆಯಲ್ಲಿ ಬಾಡಿಗೆ, ಔಷಧಿ, ಚಳಿಗಾಲದ ಕರೆಂಟ್ ಬಿಲ್ ಕಳೆದರೆ ಉಳಿಯುವುದು ಅಷ್ಟಕ್ಕಷ್ಟೆ. ಎರಡನೇ ಮಹಾಯುದ್ಧದಲ್ಲಿ ಜರ್ಮನ್ ಸೇನೆ ಲೆನಿನ್‌ಗ್ರಾಡ್‌ಗೆ ಹಾಕಿದ ಮುತ್ತಿಗೆಯಲ್ಲಿ ಬದುಕುಳಿದ ಯೆಹೂದಿಗಳಿಗೆ ತಿಂಗಳ ಪಿಂಚಣಿ ಕೊಡಲು ಜರ್ಮನಿ ಒಪ್ಪಿದ್ದು 2021ರಲ್ಲಿ, ಯುದ್ಧ ಮುಗಿದು 76 ವರ್ಷವಾದ ಮೇಲೆ! ಅಷ್ಟು ಹೊತ್ತಿಗೆ ಎಷ್ಟೋ ಮಂದಿ ಹೋಗಿಯೇ ಬಿಟ್ಟಿದ್ದರು. ಅದು ಬರುವವರೆಗೆ ನಮ್ಮ ಅಡುಗೆಮನೆ ನಡೆದದ್ದು ಹೆಚ್ಚಾಗಿ ಈ ಪೆಟ್ಟಿಗೆಯಿಂದ.

ಮುತ್ತಿಗೆ ಬಿದ್ದಾಗ ಅಜ್ಜಿಗೆ ಏಳು ವರ್ಷ. 1941ರ ನವೆಂಬರ್ ಕೊನೆಯಿಂದ ಡಿಸೆಂಬರ್ ಕೊನೆಯವರೆಗೆ ಅಲ್ಲಿನ ಮಕ್ಕಳಿಗೆ ದಿನಕ್ಕೆ ಸಿಕ್ಕಿದ್ದು 125 ಗ್ರಾಂ ಬ್ರೆಡ್, ಅದೂ ಬೆರಕೆ ಹಿಟ್ಟಿನದು. ಈಗಲೂ ಹೊಸ ಎಣ್ಣೆ ಬಾಟಲಿ ಬರುವವರೆಗೆ ಹಳೆಯದನ್ನು ಪೂರ್ತಿ ಬಗ್ಗಿಸಲು ಅಜ್ಜಿ ಬಿಡುವುದಿಲ್ಲ. ಮೀನಿನ ಡಬ್ಬಿಗಳ ಮೇಲೆ ಪೆನ್ಸಿಲಿನಲ್ಲಿ ತಾರೀಕು ಬರೆದು ಮಂಚದಡಿ ಸಾಲಾಗಿ ಇಡುತ್ತಾರೆ. ಗುಡಿಸುವಾಗ ಒಂದು ಡಬ್ಬಿ ಆಚೀಚೆಯಾದರೂ ಅವರಿಗೆ ಗೊತ್ತಾಗುತ್ತದೆ.

ಹಾಗೆಂದು ಕೊಟ್ಟದ್ದನ್ನೆಲ್ಲ ತೆಗೆದುಕೊಳ್ಳುವ ಜಾಯಮಾನ ಅವರದಲ್ಲ. "ನನಗೇಕೆ ಬಿಟ್ಟಿ ಸಾಮಾನು?" ಎಂದು ಮೊದಲ ಪೆಟ್ಟಿಗೆಯನ್ನು ಬಾಗಿಲಲ್ಲೇ ತಡೆದಿದ್ದರು. ತಂದಿದ್ದ ಹೈಸ್ಕೂಲು ಹುಡುಗಿ ವಾದಕ್ಕಿಳಿಯಲಿಲ್ಲ. ಅಲ್ಲೇ ಪೆಟ್ಟಿಗೆ ಬಿಚ್ಚಿ, ಇದರಲ್ಲಿ ನಿಮಗೆ ಸೇರದ್ದು ಯಾವುದು ಎಂದು ಕೇಳಿದಳು. ಅಜ್ಜಿ ಕೂಸ್‌ಕೂಸ್ (ಗೋಧಿ ರವೆಯ ಸಣ್ಣ ಕಾಳು) ಎತ್ತಿ ಅವಳ ಕೈಗಿಟ್ಟರು. ಮುಂದಿನ ತಿಂಗಳು ಅದರ ಜಾಗದಲ್ಲಿ ಗ್ರೆಚ್ಕಾ ಇತ್ತು. ರಷ್ಯಾ ಕಡೆಯವರು ಬೇಯಿಸಿ ಉಪ್ಪು, ಬೆಣ್ಣೆ ಹಾಕಿ ಉಣ್ಣುವ ಕಂದು ಬಣ್ಣದ ಕಾಳು ಅದು, ನಮಗೆ ಕುಚ್ಚಲಕ್ಕಿ ಗಂಜಿ ಇದ್ದ ಹಾಗೆ. ಅವತ್ತು ಅಜ್ಜಿ ಹುಡುಗಿಯನ್ನು ಕೂರಿಸಿಕೊಂಡು, ಬೇಯಿಸಿ, ಒಂದು ತಟ್ಟೆ ಬಡಿಸಿದ ಮೇಲೆಯೇ ಕಳಿಸಿದ್ದು. ಬಿಟ್ಟಿ ಎಂಬ ಮಾತು ಆಮೇಲೆ ಬರಲಿಲ್ಲ.

ಪೆಸಾಹ್ ಎಂಬ ವಸಂತಕಾಲದ ಹಬ್ಬಕ್ಕೆ ಮುಂಚೆ ಬಡವರಿಗೆಂದು ಹಿಟ್ಟು, ಹಣ ಕೂಡಿಸುವುದು ಯೆಹೂದಿಗಳಲ್ಲಿ ಬಹಳ ಹಳೆಯ ಪದ್ಧತಿ. ಆ ಹೊತ್ತಿಗೆ ಹಿರಿಯರ ಕೈಗೊಂದು ಚೀಲ ಕೊಟ್ಟು ಫೋಟೋ ತೆಗೆಸಿಕೊಳ್ಳುವವರೂ ಇದ್ದಾರೆ (ನಮ್ಮೂರಿನಲ್ಲೇನು ಕಡಿಮೆಯೇ?). ಈ ತಂಡದವರು ಒಮ್ಮೆಯೂ ಮೊಬೈಲ್ ಎತ್ತಲಿಲ್ಲ. ಅದಕ್ಕೆ ಪ್ರತ್ಯೇಕ ವಂದನೆ.

ಗಾಜಾದಿಂದ ರಾಕೆಟ್‌ಗಳು ಬೀಳುತ್ತಿದ್ದ 2023ರ ಅಕ್ಟೋಬರ್ ಬಗ್ಗೆ ಹೆಚ್ಚು ಬರೆಯಲಾರೆ. ನಮ್ಮ ಮನೆಯಲ್ಲಿ ಸುರಕ್ಷಿತ ಕೋಣೆಯಿಲ್ಲ. ಸೈರನ್ ಕೂಗಿದರೆ ಅರ್ಧ ನಿಮಿಷದಲ್ಲಿ ಅಜ್ಜಿಯನ್ನು ನಾಲ್ಕು ಮಹಡಿ ಇಳಿಸುವುದು ಆಗದ ಮಾತು. ಮೆಟ್ಟಿಲ ಮೇಲೆ ಗೋಡೆಗೆ ಒರಗಿ ಕೂರುತ್ತಿದ್ದೆವು. ಅಂಗಡಿಗಳು ಮುಚ್ಚಿದ್ದ ಆ ದಿನಗಳಲ್ಲೂ ಬ್ರೆಡ್, ಹಾಲು, ರಕ್ತದೊತ್ತಡದ ಮಾತ್ರೆ ನಮ್ಮ ಬಾಗಿಲಿಗೆ ಬಂದವು. ತಂದವರಿಗೂ ಮನೆಮಕ್ಕಳಿದ್ದರು.

ಇಲ್ಲಿ ಹಿರಿಯರ ಮನೆಗಳಲ್ಲಿ ದುಡಿಯುತ್ತಿರುವ ನಮ್ಮ ಕರಾವಳಿಯ ಅಕ್ಕತಂಗಿಯರೇ, ನಿಮ್ಮ ಅಜ್ಜ ಅಜ್ಜಿಯರು ಸಂಕೋಚದಿಂದ ಬಾಯಿ ಬಿಡದಿದ್ದರೆ ನೀವೇ ನಗರಾಡಳಿತದ ಸಮಾಜ ಕಲ್ಯಾಣ ವಿಭಾಗದಲ್ಲಿ ವಿಚಾರಿಸಿ.

ಅಜ್ಜಿಯೂ ತಮ್ಮ ಪರವಾಗಿ ಒಂದು ಮಾತು ಸೇರಿಸಲು ಹೇಳಿದ್ದಾರೆ: ಎಲ್ಲವೂ ಚೆನ್ನಾಗಿದೆ, ಚಹಾಪುಡಿ ಮಾತ್ರ ಇನ್ನಷ್ಟು ಕಡಕ್ ಆಗಿರಲಿ.