ಪೀಣ್ಯದ ಭಾನುವಾರದ ಕ್ಲಾಸಿಗೆ ಥ್ಯಾಂಕ್ಸ್

ಕಳೆದ ಭಾನುವಾರ ಪೀಣ್ಯದಲ್ಲಿ, ಗಾರ್ಮೆಂಟ್ಸ್ ಫ್ಯಾಕ್ಟರಿಯಲ್ಲಿ ದುಡಿಯುವ ನಿಮ್ಮ ಜೊತೆಗಿನ ನಮ್ಮ ಇಂಗ್ಲಿಷ್ ಕ್ಲಾಸಿನಲ್ಲಿ, ನನ್ನ ಕೊನೆಯ ಪಾಠ ಮುಗಿಯಿತು. ಅಮ್ಮನನ್ನು ನೋಡಿಕೊಳ್ಳಲು ಹಾಸನಕ್ಕೆ ಹೋಗುತ್ತಿದ್ದೇನೆ. ಅವತ್ತು ಗಂಟಲು ಕಟ್ಟಿ ಏನೂ ಹೇಳಲಾಗಲಿಲ್ಲ. ಅದಕ್ಕೇ ಈಗ ಬರೆಯುತ್ತಿದ್ದೇನೆ.

ಮೊದಲ ಥ್ಯಾಂಕ್ಸ್ ನೀವು ಬ್ಯಾಗಿನಲ್ಲಿ ಮಡಚಿಟ್ಟುಕೊಂಡು ತಂದ ಕಾಗದಗಳಿಗೆ. ಸ್ಯಾಲರಿ ಸ್ಲಿಪ್, ಮಗಳ ಸ್ಕೂಲ್ ಡೈರಿ, ಖಾಲಿಯಾದ ಮಾತ್ರೆ ಪಟ್ಟಿ, ಬ್ಯಾಂಕಿನ ಫಾರಂ. "ಇದರಲ್ಲಿ ಏನಿದೆ ಅಂತ ಹೇಳಬೇಡಿ ಮೇಡಂ, ಹೇಗೆ ಓದೋದು ಅಂತ ಹೇಳಿಕೊಡಿ" ಅಂದರು ಕಾಲರ್ ಸೆಕ್ಷನ್ನಿನ ಅಕ್ಕ. ನಮ್ಮ ಸಿಲಬಸ್ ಅಲ್ಲಿಂದಲೇ ಹುಟ್ಟಿತು. ಕ್ಲಾಸು ಇಷ್ಟು ದಿನ ನಡೆದಿದ್ದರೆ ಅದಕ್ಕೆ ಕಾರಣ, ಏನು ಕಲಿಯಬೇಕು ಅಂತ ನೀವೇ ತೀರ್ಮಾನಿಸಿದ್ದು.

ಸ್ಯಾಲರಿ ಸ್ಲಿಪ್ ಒಂದರ ಮೇಲೆಯೇ ಎಷ್ಟು ಭಾನುವಾರ ಕಳೆದೆವು! ಬೇಸಿಕ್ ಮತ್ತು ಡಿಎ (ತುಟ್ಟಿಭತ್ಯೆ) ಸೇರಿಸಿ ಅದರಲ್ಲಿ ಶೇ 12 ಪಿಎಫ್‌ಗೆ (ಭವಿಷ್ಯ ನಿಧಿಗೆ), ಸಂಬಳದ ಶೇ 0.75 ಇಎಸ್‌ಐಗೆ (ಕಾರ್ಮಿಕರ ವಿಮೆಗೆ) ಅಂತ ಬೋರ್ಡಿನ ಮೇಲೆ ಲೆಕ್ಕ ಬಿಡಿಸಿದ್ದು ನಿಮ್ಮಲ್ಲೇ ಒಬ್ಬರು. ಪಿಎಫ್ ಅಂದರೆ ಏನು ಅಂತ ನಿಮಗೆ ಯಾರೂ ಹೇಳಬೇಕಿರಲಿಲ್ಲ. ಮಾಲೀಕರ ಪಾಲಿನ ಪಿಎಫ್ ಹಣವನ್ನು 58 ವರ್ಷ ಆಗುವವರೆಗೆ ತೆಗೆಯುವಂತಿಲ್ಲ ಅಂತ ನಿಯಮ ಬಂದಾಗ, 2016ರ ಏಪ್ರಿಲ್‌ನಲ್ಲಿ ಬೆಂಗಳೂರಿನ ಗಾರ್ಮೆಂಟ್ಸ್ ಹೆಣ್ಣುಮಕ್ಕಳು ರಸ್ತೆಗಿಳಿದರು. ಎರಡೇ ದಿನದಲ್ಲಿ ಕೇಂದ್ರ ಸರ್ಕಾರ ಆ ನಿಯಮ ವಾಪಸ್ ಪಡೆಯಿತು. ಆ ಗುಂಪಿನಲ್ಲಿ ನೀವೂ ಕೆಲವರು ಇದ್ದಿರಿ. ಆ ಕಥೆಯನ್ನು ಇಂಗ್ಲಿಷಿನಲ್ಲಿ ಹೇಳಿ ಅಂದೆ. ಒಬ್ಬರು ಶುರು ಮಾಡಿದರು, ತಡವರಿಸಿದಲ್ಲಿ ಇನ್ನೊಬ್ಬರು ಮುಂದುವರಿಸಿದರು. ನಾನು ಕಂಡ ಅತ್ಯುತ್ತಮ ಇಂಗ್ಲಿಷ್ ಪಾಠ ಅದು.

ಪಿಎಫ್ ಕ್ಲೇಮ್ ರಿಜೆಕ್ಟ್ ಆಗಿದ್ದ ಲಗ್ಗೆರೆಯ ಅಕ್ಕನಿಗೆ ವಿಶೇಷ ಥ್ಯಾಂಕ್ಸ್. ಆಧಾರ್ ಮತ್ತು ಪಿಎಫ್ ದಾಖಲೆ ಎರಡನ್ನೂ ಪಕ್ಕಪಕ್ಕ ಇಟ್ಟು, ಒಂದೊಂದೇ ಅಕ್ಷರ ಹೋಲಿಸಿ, ಹೆಸರಿನಲ್ಲಿ ಒಂದು 'ಹೆಚ್' ಜಾಸ್ತಿ ಇದೆ ಅಂತ ನೀವೇ ಕಂಡುಹಿಡಿದಿರಿ. ಎಚ್‌ಆರ್ ಮುಂದೆ ನಿಂತು ಅದನ್ನು ತಿದ್ದಿಸಿಕೊಂಡು ಬಂದಿರಿ. ಅವತ್ತು ಇಡೀ ಕ್ಲಾಸು ಚಪ್ಪಾಳೆ ಹೊಡೆದದ್ದು ನೆನಪಿದೆ ಅಲ್ವಾ?

"ನಮಗೆ ತಲೆಗೆ ಹತ್ತಲ್ಲ ಮೇಡಂ" ಅಂತ ದಯವಿಟ್ಟು ಇನ್ನು ಯಾರೂ ಹೇಳಬೇಡಿ. ನೀವು ಓದಿದ ಕಾಲದ ಸರ್ಕಾರಿ ಕನ್ನಡ ಶಾಲೆಯಲ್ಲಿ ಇಂಗ್ಲಿಷ್ ಶುರುವಾಗುತ್ತಿದ್ದದ್ದೇ ಐದನೇ ಕ್ಲಾಸಿನಲ್ಲಿ. ಒಂದನೇ ಕ್ಲಾಸಿನಿಂದ ಕಲಿಸಲು ಶುರು ಮಾಡಿದ್ದು 2007ರಲ್ಲಿ. ಅಷ್ಟು ಹೊತ್ತಿಗೆ ನಿಮ್ಮಲ್ಲಿ ಎಷ್ಟೋ ಜನ ಸ್ಕೂಲು ಬಿಟ್ಟು ಮಷಿನ್ ಮುಂದೆ ಕೂತಾಗಿತ್ತು. ಕಲಿಸುವವರು ಸಿಗಲಿಲ್ಲ, ಅಷ್ಟೇ.

ಭಾನುವಾರ ನಿಮಗೆ ಏನೆಲ್ಲ ಕೆಲಸ ಅಂತ ನನಗೆ ಗೊತ್ತು. ವಾರದ ಬಟ್ಟೆ, ರೇಷನ್, ನೀರು, ನೆಂಟರು. ಅದರ ನಡುವೆ ಎರಡು ಗಂಟೆ ಬಿಡುವು ಮಾಡಿಕೊಂಡು ಬಂದಿರಿ. 2023ರ ಜೂನ್ 11ರಂದು ಬಸ್ಸಿನಲ್ಲಿ ಹೆಂಗಸರಿಗೆ ಟಿಕೆಟ್ ಫ್ರೀ ಆದ ಮೇಲೆ, ಬಾಡಿಗೆ ಕಮ್ಮಿ ಅಂತ ನೆಲಮಂಗಲದ ಕಡೆಗೆ ಮನೆ ಬದಲಿಸಿದ್ದವರೂ ಮತ್ತೆ ಬರತೊಡಗಿದರು. ಬಾಗಿಲಲ್ಲಿ ಅವರ ಮುಖ ಕಂಡಾಗ ಆದ ಖುಷಿಯನ್ನು ಹೇಗೆ ಹೇಳಲಿ!

ಬಾಡಿಗೆ ಕೇಳದೆ ರೂಮು ಕೊಟ್ಟ ಶಾಲೆಯ ಹೆಡ್ ಮೇಡಂಗೆ, ಮಕ್ಕಳನ್ನು ನೋಡಿಕೊಂಡ ಅತ್ತೆಯರಿಗೆ, ಅಡುಗೆಗೆ ನಿಂತ ಗಂಡಂದಿರಿಗೆ, ಫ್ಲಾಸ್ಕಿನಲ್ಲಿ ಟೀ ತರುತ್ತಿದ್ದ ಪಕ್ಕದ ಮನೆ ಅಜ್ಜಿಗೆ ನಾನು ಋಣಿ.

ಕ್ಲಾಸು ನಿಲ್ಲುವುದಿಲ್ಲ. ಬರುವ ಭಾನುವಾರ ಹೊಸ ಮೇಡಂ ಬರುತ್ತಾರೆ. ಅವರಿಗೂ ನಿಮ್ಮ ಕಾಗದಗಳನ್ನೇ ತೋರಿಸಿ, ಸಂಕೋಚ ಬೇಡ. ರೂಮಿನ ಕೀ ಕಾಲರ್ ಸೆಕ್ಷನ್ನಿನ ಅಕ್ಕನ ಹತ್ತಿರ ಇದೆ, ಅಟೆಂಡೆನ್ಸ್ ಪುಸ್ತಕ ಬೀರುವಿನ ಮೇಲಿನ ಅರೆಯಲ್ಲಿದೆ. ನನ್ನ ನಂಬರ್ ಅದೇ ಇರುತ್ತದೆ. ಇಂಗ್ಲಿಷಿನಲ್ಲಿ ವಾಯ್ಸ್ ಮೆಸೇಜ್ ಕಳಿಸಿ. ರಾತ್ರಿ ಅಮ್ಮನಿಗೆ ಊಟ ಕೊಟ್ಟ ಮೇಲೆ ಒಂದೊಂದಾಗಿ ಕೇಳಿ, ಎಲ್ಲರಿಗೂ ಉತ್ತರ ಕೊಡುತ್ತೇನೆ.