ಗ್ರಿಪ್ಪರ್ ಆಯ್ಕೆಯಲ್ಲಿ ಮರೆಯುವ ಪ್ರಶ್ನೆ

ಮಾನ್ಯ ಸಂಪಾದಕರೆ,

ಕೈಗಾರಿಕಾ ಯಾಂತ್ರೀಕರಣವನ್ನು ಕುರಿತು ನಿಮ್ಮ ಪುರವಣಿಯಲ್ಲಿ ಬಂದ ಲೇಖನವು ರೋಬಾಟ್ ತೋಳುಗಳ ವೇಗವನ್ನೂ ನಿಖರತೆಯನ್ನೂ ವಿಸ್ತಾರವಾಗಿ ವಿವರಿಸಿ, ತೋಳಿನ ತುದಿಯ ಗ್ರಿಪ್ಪರ್‌ನ ವಿಷಯವನ್ನು ಮಾತ್ರ ‘ಗಾಳಿಯಿಂದ ನಡೆಯುವ ಹಿಡಿಕೆ’ ಎಂಬ ಒಂದೇ ಮಾತಿನಲ್ಲಿ ಮುಗಿಸಿದೆ. ತೋಳು ಎಷ್ಟೇ ಚುರುಕಾಗಿದ್ದರೂ ಹಿಡಿದ ಬಿಡಿಭಾಗ ಜಾರಿದರೆ ಉತ್ಪಾದನೆಯ ಸಾಲೇ ನಿಲ್ಲುತ್ತದೆಯಾದ್ದರಿಂದ, ಈ ಬಗ್ಗೆ ಕೆಲವು ಮಾತುಗಳನ್ನು ಸೇರಿಸಬಯಸುತ್ತೇನೆ.

ಸಾಮಾನ್ಯವಾಗಿ 6 ಬಾರ್ ಆಸುಪಾಸಿನ ಒತ್ತಡದಲ್ಲಿ ಕೆಲಸ ಮಾಡುವ ಈ ಸಾಧನಗಳಲ್ಲಿ ಹೆಚ್ಚು ಬಳಕೆಯಲ್ಲಿರುವುದು ಸಮಾಂತರ ಗ್ರಿಪ್ಪರ್. ಇದರ ಎರಡು ಬೆರಳುಗಳು ನೇರ ಗೆರೆಯಲ್ಲಿ ಒಂದರತ್ತ ಇನ್ನೊಂದು ಸರಿಯುವುದರಿಂದ, ಬಿಡಿಭಾಗದ ಅಳತೆ ತುಸು ಹೆಚ್ಚುಕಡಿಮೆಯಾದರೂ ಅದರ ನಡುಗೆರೆ ಕದಲುವುದಿಲ್ಲ. ಕೋನೀಯ ಗ್ರಿಪ್ಪರ್‌ನ ಬೆರಳುಗಳು ಕೀಲಿನ ಸುತ್ತ ತೆರೆದುಕೊಳ್ಳುತ್ತವೆ. ರಚನೆ ಸರಳ, ಆದರೆ ಅಳತೆ ಬದಲಾದರೆ ಬೆರಳು ವಸ್ತುವನ್ನು ಮುಟ್ಟುವ ಕೋನವೂ ಬದಲಾಗುತ್ತದೆ. ಒಂದೊಂದು ಬೆರಳೂ 90 ಡಿಗ್ರಿ ತಿರುಗಿ ಪೂರ್ತಿ ಪಕ್ಕಕ್ಕೆ ಸರಿಯುವ ಬಗೆಯೂ ಉಂಟು. ಅದನ್ನು ಬಳಸಿದರೆ ವಸ್ತುವನ್ನು ಬಿಟ್ಟ ಬಳಿಕ ತೋಳು ಹಿಂದಕ್ಕೆ ಸರಿದು ದಾರಿ ಬಿಡಬೇಕಾದ ಅಗತ್ಯ ಬಹುಮಟ್ಟಿಗೆ ತಪ್ಪುತ್ತದೆ. ಲೇತ್‌ಗೆ ದುಂಡನೆಯ ಬಿಡಿಭಾಗಗಳನ್ನು ಒದಗಿಸುವಲ್ಲಿ ಮೂರು ಬೆರಳಿನ ಗ್ರಿಪ್ಪರ್‌ಗೆ ಸಾಟಿಯಿಲ್ಲ, ಏಕೆಂದರೆ ಹಿಡಿಯುವ ಕ್ರಿಯೆಯಲ್ಲಿಯೇ ಅದು ವಸ್ತುವನ್ನು ಕೇಂದ್ರಕ್ಕೆ ತರುತ್ತದೆ.

ಆಯ್ಕೆ ಮಾಡುವವರು ಹೆಚ್ಚಾಗಿ ಎಡವುವುದು ಬಲದ ಲೆಕ್ಕದಲ್ಲಿ. 1 ಕಿಲೋಗ್ರಾಂ ತೂಕದ, ಎಣ್ಣೆ ಸವರಿದ ಉಕ್ಕಿನ ತುಂಡನ್ನು ಎರಡು ಚಪ್ಪಟೆ ಬೆರಳುಗಳ ನಡುವೆ ಒತ್ತಿ ಹಿಡಿಯಬೇಕೆಂದುಕೊಳ್ಳೋಣ. ಘರ್ಷಣೆಯ ಗುಣಾಂಕವನ್ನು 0.1 ಎಂದು ಹಿಡಿದರೆ, ತುಂಡು ಜಾರದೆ ನಿಲ್ಲುವುದಕ್ಕೇ ಒಂದೊಂದು ಬೆರಳೂ ಸುಮಾರು 49 ನ್ಯೂಟನ್ ಬಲದಿಂದ ಒತ್ತಬೇಕು. ತೋಳು ಅದನ್ನು ಸೆಕೆಂಡಿನ ವರ್ಗಕ್ಕೆ 10 ಮೀಟರ್ ವೇಗೋತ್ಕರ್ಷದಲ್ಲಿ ಮೇಲೆತ್ತಿದರೆ ಈ ಬಲ ಇಮ್ಮಡಿಯಾಗುತ್ತದೆ. ಸುರಕ್ಷತೆಗಾಗಿ ಮತ್ತೊಮ್ಮೆ ಇಮ್ಮಡಿಸಿದರೆ ಸುಮಾರು 200 ನ್ಯೂಟನ್‌ಗೆ ಬಂದು ನಿಲ್ಲುತ್ತದೆ, ಅಂದರೆ ತುಂಡಿನ ತೂಕದ ಇಪ್ಪತ್ತು ಪಟ್ಟು. ಅದೇ ತುಂಡಿನ ಆಕಾರಕ್ಕೆ ತಕ್ಕಂತೆ ಬೆರಳನ್ನು ಕೊರೆದು, ಭಾರವು ಬೆರಳಿನ ಮೇಲೆಯೇ ಕೂರುವಂತೆ ಮಾಡಿದರೆ ಇದಕ್ಕಿಂತ ಬಹಳ ಚಿಕ್ಕ ಗ್ರಿಪ್ಪರ್ ಸಾಕಾಗುತ್ತದೆ. ಕ್ಯಾಟಲಾಗ್‌ನಲ್ಲಿ ಅಚ್ಚಾಗಿರುವ ಬಲವು ಒಂದು ಬೆರಳಿನದೋ, ಎಲ್ಲ ಬೆರಳುಗಳ ಮೊತ್ತವೋ ಎಂಬುದನ್ನು ಓದಿ ಖಚಿತಪಡಿಸಿಕೊಳ್ಳಬೇಕು. ತಯಾರಕರೆಲ್ಲರೂ ಒಂದೇ ಕ್ರಮವನ್ನು ಅನುಸರಿಸುವುದಿಲ್ಲ. ಬೆರಳು ಉದ್ದವಾದಷ್ಟೂ ಸಿಗುವ ಬಲ ಕುಗ್ಗುತ್ತದೆ ಎಂಬುದೂ ಬಹಳ ಸಲ ಗಮನದಿಂದ ಜಾರಿಹೋಗುತ್ತದೆ.

ಇದಕ್ಕಿಂತಲೂ ಗಂಭೀರವಾದುದು, ಗಾಳಿಯ ಪೂರೈಕೆ ಹಠಾತ್ತನೆ ನಿಂತರೆ ಬೆರಳುಗಳು ಏನು ಮಾಡುತ್ತವೆ ಎಂಬ ಪ್ರಶ್ನೆ. ಸ್ಪ್ರಿಂಗ್ ಇಲ್ಲದ, ಎರಡೂ ದಿಕ್ಕಿಗೆ ಗಾಳಿಯಿಂದಲೇ ಚಲಿಸುವ ಗ್ರಿಪ್ಪರ್‌ನಲ್ಲಿ ಒತ್ತಡ ಇಳಿದಂತೆ ಹಿಡಿತವೂ ಸಡಿಲಾಗುತ್ತದೆ. ಮುಚ್ಚುವ ದಿಕ್ಕಿನಲ್ಲಿ ಸ್ಪ್ರಿಂಗ್ ಇದ್ದರೆ ಹಿಡಿತ ಒಂದು ಮಟ್ಟಿಗೆ ಉಳಿಯುತ್ತದೆ, ಆದರೆ ಅದು ಪೂರ್ಣ ಬಲವಲ್ಲ. ಗಾಳಿಯನ್ನು ಒಂದೇ ದಿಕ್ಕಿಗೆ ಹರಿಯಬಿಡುವ ಚೆಕ್ ವಾಲ್ವ್ ಸಿಲಿಂಡರ್‌ನೊಳಗಿನ ಗಾಳಿಯನ್ನು ಹಿಡಿದಿಡುತ್ತದೆಯಾದರೂ ಸೀಲ್ ಸವೆದಿದ್ದರೆ ಅದನ್ನು ಬಹಳ ಹೊತ್ತು ನಂಬುವಂತಿಲ್ಲ. ಸನ್ನೆಕೀಲುಗಳು ತಮ್ಮ ಅಂತಿಮ ಬಿಂದುವನ್ನು ದಾಟಿ ಸಿಕ್ಕಿಕೊಳ್ಳುವ ಟಾಗಲ್ ಬಗೆಯೇ ನನ್ನ ದೃಷ್ಟಿಯಲ್ಲಿ ಹೆಚ್ಚು ನೆಚ್ಚಬಹುದಾದುದು. ಅದು ದೊಡ್ಡ ಲೋಹದ ಹಾಳೆಗಳನ್ನು ಗಾಳಿಯ ನೆರವಿಲ್ಲದೆಯೂ ಹಿಡಿದಿರಬಲ್ಲದು. ವಸ್ತುವನ್ನು ಹೀರಿ ಹಿಡಿಯುವ ವ್ಯಾಕ್ಯೂಮ್ ಕಪ್‌ಗಳ ಸ್ಥಿತಿ ಇನ್ನೂ ನಾಜೂಕು. ಗಾಜಿನಂಥ ನುಣುಪು ಮೇಲ್ಮೈಗೆ ಅವು ಸೊಗಸಾಗಿ ಒಗ್ಗಿದರೂ, ಸೂಕ್ಷ್ಮ ರಂಧ್ರಗಳಿರುವ ರಟ್ಟಿನ ಪೆಟ್ಟಿಗೆಯಲ್ಲಿ ಗಾಳಿ ಸದಾ ಒಳನುಸುಳುತ್ತಿರುವುದರಿಂದ ಒತ್ತಡದ ಗಾಳಿಯಿಂದ ಹೀರುವಿಕೆಯನ್ನು ಉಂಟುಮಾಡುವ ಎಜೆಕ್ಟರ್ ನಿಂತೊಡನೆ ಹಿಡಿತ ಕಳಚುತ್ತದೆ.

ಶಕ್ತಿಯ ಪೂರೈಕೆ ನಿಂತಾಗ ಹೊರೆ ಕಳಚಿ ಅಪಾಯವಾಗದಂತೆ ವಿನ್ಯಾಸವಿರಬೇಕೆಂದು ರೋಬಾಟ್ ಸುರಕ್ಷತೆಯ ಅಂತರರಾಷ್ಟ್ರೀಯ ಮಾನಕ ಐಎಸ್‌ಒ 10218 ಹೇಳುತ್ತದೆ. ಹೀಗಿರುವಾಗ, ಖರೀದಿಗೆ ಮುನ್ನ ಸುತ್ತಲಿನ ಜಾಗವನ್ನು ತೆರವುಗೊಳಿಸಿ, ಪೂರ್ಣ ತೂಕದ ಬಿಡಿಭಾಗವನ್ನು ಹಿಡಿಸಿ, ಗಾಳಿಯ ಪೂರೈಕೆಯನ್ನು ಕಡಿದು ತೋರಿಸುವಂತೆ ಮಾರಾಟಗಾರರನ್ನು ಕೇಳುವುದು ಅತಿಯಾದ ಬೇಡಿಕೆಯೇನಲ್ಲ. ನಿಮ್ಮ ಮುಂದಿನ ಲೇಖನದಲ್ಲಿ ಈ ಪರೀಕ್ಷೆಗೂ ಸ್ವಲ್ಪ ಜಾಗ ಸಿಗಲಿ ಎಂದು ಕೋರುತ್ತೇನೆ.

ತಮ್ಮ ವಿಶ್ವಾಸಿ,
ಉತ್ಪಾದನಾ ವಿಭಾಗದ ಒಬ್ಬ ಎಂಜಿನಿಯರ್