ಪುಟ್ಟಿಗೆ, ಲಾಕ್ ವಿಷಯವಾಗಿ

ಪ್ರೀತಿಯ ಪುಟ್ಟಿಗೆ ನಿನ್ನ ದೊಡ್ಡಪ್ಪ ಮಾಡುವ ಆಶೀರ್ವಾದಗಳು.

ಕೋಲಾರದಲ್ಲಿ ನಾವೆಲ್ಲ ಕ್ಷೇಮ. ಕೆ.ಸಿ. ವ್ಯಾಲಿ ನೀರು ಬಂದ ಮೇಲೆ ನಮ್ಮೂರ ಕೆರೆ ಒಣಗಿಲ್ಲ ಅಂತ ನಿನ್ನಪ್ಪನಿಗೆ ಹೇಳು, ಕೇಳುತ್ತಲೇ ಇರುತ್ತಾನೆ.

ಫೈಲುಗಳನ್ನು ಡಿಸ್ಕಿನ ಮೇಲೆ ಜೋಡಿಸಿಡುವ ನಿನ್ನ ಫೈಲ್ ಸಿಸ್ಟಮ್ ಕೋಡಿನ ತಪ್ಪಿನ ಬಗ್ಗೆ ನಿನ್ನೆ ರಾತ್ರಿ ಫೋನಿನಲ್ಲಿ ನೀನು ಹೇಳಿದ್ದು ಮನಸ್ಸಿನಲ್ಲೇ ಕೂತುಬಿಟ್ಟಿದೆ. "ಒಟ್ಟಿಗೆ ಓಡೋ ಎರಡು ಥ್ರೆಡ್ ಡಿಸ್ಕಿನ ಒಂದೇ ಬ್ಲಾಕ್ ತಗೊಳ್ತಿದ್ವು ದೊಡ್ಡಪ್ಪ. ಯಾವ ಬ್ಲಾಕ್ ಖಾಲಿ ಅಂತ ಗುರುತಿಡೋ ಬಿಟ್‌ಮ್ಯಾಪ್ ಬರೆಯೋ ಜಾಗದಲ್ಲಿ ಒಂದು ಮ್ಯೂಟೆಕ್ಸ್, ಒಮ್ಮೆಗೆ ಒಬ್ಬರನ್ನೇ ಬಿಡೋ ಲಾಕ್, ಹಾಕಿದೆ, ಮೂರು ದಿನದಿಂದ ಏನೂ ಆಗಿಲ್ಲ" ಅಂದೆ. ಎಷ್ಟು ಖುಷಿಯಾಗಿದ್ದೆ. ಅದಕ್ಕೇ ಆಗ ಸುಮ್ಮನಿದ್ದೆ. ಆದರೆ ಆ ತಿದ್ದುಪಡಿಯ ಪ್ಯಾಚ್ ಕಳಿಸುವ ಮುಂಚೆ ಈ ಕಾಗದ ಓದು.

ಮೂರು ದಿನ ಏನೂ ಆಗಿಲ್ಲ ಅನ್ನುವುದರಿಂದ ರೇಸ್, ಅಂದರೆ ಯಾರು ಮೊದಲು ಬಂದರು ಅನ್ನುವುದರ ಮೇಲೆ ಆಗುವ ತಪ್ಪು, ಹೋಯಿತು ಅಂತ ಗೊತ್ತಾಗುವುದಿಲ್ಲ. ಲಾಕ್ ಹಾಕಿದಾಗ ಕೋಡ್ ಓಡುವ ಹೊತ್ತು ಸ್ವಲ್ಪ ಬದಲಾಗುತ್ತದೆ, ಎರಡು ಥ್ರೆಡ್ ಎದುರಾಗುವುದು ಕಮ್ಮಿಯಾಗುತ್ತದೆ. ಒಂದು ಪ್ರಿಂಟ್ ಸಾಲು ಸೇರಿಸಿದರೂ ಕೆಲವು ರೇಸ್ ಮರೆಯಾಗುತ್ತವೆ. ಬೇರೆ ಪ್ರೋಗ್ರಾಮ್ ಆದರೆ ಕೆಟ್ಟಾಗ ಮತ್ತೆ ಶುರು ಮಾಡಬಹುದು. ಫೈಲ್ ಸಿಸ್ಟಮ್ ಹಾಗಲ್ಲ. ಅದರ ತಪ್ಪು ಡಿಸ್ಕ್ ಮೇಲೆ ಬರೆದುಹೋಗಿರುತ್ತದೆ, ರೀಬೂಟ್ ಆದಮೇಲೂ ಅಲ್ಲೇ ಇರುತ್ತದೆ.

ನಿನ್ನ ತಾತನ ಕಾಲದಲ್ಲಿ ನಮ್ಮೂರ ಕೆರೆಯ ತೂಬು ತೆಗೆಯುವುದು ನೀರುಗಂಟಿ ಒಬ್ಬನೇ. ಯಾಕೆ ಅಂತ ನಾನು ಚಿಕ್ಕವನಿದ್ದಾಗ ಕೇಳಿದ್ದೆ. ತಾತ ಹೇಳಿದ್ದು ಇಷ್ಟು: ಇಬ್ಬರು ಬಂದು ಕಾಲುವೆ ನೋಡುತ್ತಾರೆ. ಯಾರೂ ನೀರು ಕಟ್ಟುತ್ತಿಲ್ಲ. ಇಬ್ಬರೂ ಸನಿಕೆ ತರಲು ಮನೆಗೆ ಹೋಗುತ್ತಾರೆ. ವಾಪಸ್ ಬಂದು ಇಬ್ಬರೂ ತಮ್ಮ ತಮ್ಮ ಗದ್ದೆಗೆ ತಿರುಗಿಸುತ್ತಾರೆ. ಇಬ್ಬರ ಗದ್ದೆಗೂ ನೀರು ಸಾಲುವುದಿಲ್ಲ. ಇಬ್ಬರೂ ನೋಡಿದ್ದು ನಿಜವೇ, ಆದರೆ ಕೈ ಹಾಕುವ ಹೊತ್ತಿಗೆ ಅದು ಹಳೇ ಸುದ್ದಿ.

ನಿನ್ನ ಬಿಟ್‌ಮ್ಯಾಪ್‌ನಲ್ಲೂ ಇದೇ ನಡೆದಿದೆ. ಬ್ಲಾಕ್ ಖಾಲಿ ಇದೆಯಾ ಅಂತ ನೋಡುವುದು ಲಾಕ್‌ನ ಹೊರಗೆ, ಬಿಟ್ ಬರೆಯುವುದು ಒಳಗೆ. ಎರಡನೇ ಥ್ರೆಡ್ ಮರ್ಯಾದೆಯಾಗಿ ಕಾಯುತ್ತದೆ, ಲಾಕ್ ಸಿಕ್ಕಿದ ಮೇಲೆ ಅದೇ ಬ್ಲಾಕನ್ನೇ ಮತ್ತೆ ತಗೊಳ್ಳುತ್ತದೆ. ನೋಡುವುದು, ಬರೆಯುವುದು ಎರಡೂ ಒಂದೇ ಲಾಕ್‌ನ ಒಳಗೆ ಬರಬೇಕು. ವೇಗಕ್ಕಾಗಿ ಹೊರಗೆ ಒಮ್ಮೆ ನೋಡಿದರೂ ಪರವಾಗಿಲ್ಲ, ಲಾಕ್ ಸಿಕ್ಕಿದ ಕೂಡಲೇ ಇನ್ನೊಮ್ಮೆ ನೋಡಲೇಬೇಕು. ಬಿಟ್‌ಮ್ಯಾಪ್ ಬಫರ್ ಡಿಸ್ಕಿನಿಂದ ಬರಬೇಕಾದರೆ ಅದನ್ನು ಮುಂಚೆಯೇ ಓದಿಸಿಕೊ. ಮ್ಯೂಟೆಕ್ಸ್ ಬದಲು ಸ್ಪಿನ್‌ಲಾಕ್, ಅಂದರೆ ಮಲಗದೆ ಸುತ್ತುತ್ತಲೇ ಕಾಯುವ ಲಾಕ್, ಹಾಕಿದರೆ ಅದನ್ನು ಹಿಡಿದುಕೊಂಡು ನಿದ್ದೆಗೆ ಜಾರುವ ಹಾಗಿಲ್ಲ.

ಇನ್ನೂ ಮುಖ್ಯವಾದದ್ದು ಇದೆ. ನೀನು ಲಾಕ್ ಹಾಕಿದ್ದು ಕ್ರ್ಯಾಶ್ ಕಂಡ ಜಾಗಕ್ಕೆ. ನೀರುಗಂಟಿ ಕಾಯುತ್ತಿದ್ದುದು ಯಾವುದೋ ಒಂದು ಗದ್ದೆಯನ್ನಲ್ಲ, ನೀರನ್ನು. ಹಾಗೆ ನಿನ್ನ ಲಾಕ್ ಕಾಯಬೇಕಾದದ್ದು ಒಂದು ಮಾತನ್ನು: "ಒಂದು ಬ್ಲಾಕ್ ಒಂದೇ ಫೈಲಿಗೆ ಸೇರಿರಬೇಕು." ಮೊದಲು ಆ ಮಾತನ್ನು ಕಾಮೆಂಟ್‌ನಲ್ಲಿ ಬರೆ. ಆಮೇಲೆ ಅದನ್ನು ಮುರಿಯಬಲ್ಲ ದಾರಿಗಳನ್ನೆಲ್ಲ ಹುಡುಕು. ರೈಟ್, ಫೈಲನ್ನು ಮೊಟಕು ಮಾಡುವ ಟ್ರಂಕೇಟ್, ಮುಂಚೆಯೇ ಜಾಗ ಕಾದಿರಿಸುವ ಫಾಲೊಕೇಟ್, ಫೈಲನ್ನೇ ಅಳಿಸುವ ಕೊನೆಯ ಅನ್‌ಲಿಂಕ್, ಮೆಮೊರಿಯಲ್ಲಿದ್ದುದನ್ನು ಹಿಂದೆ ನಿಂತು ಡಿಸ್ಕಿಗೆ ಬರೆಯುವ ರೈಟ್‌ಬ್ಯಾಕ್. ಒಂದೇ ಒಂದು ದಾರಿ ಲಾಕ್ ಇಲ್ಲದೆ ಉಳಿದರೂ ಉಳಿದವರು ಕಾದದ್ದೆಲ್ಲ ದಂಡ.

ಇದನ್ನು ನಾನು ಕಷ್ಟಪಟ್ಟು ಕಲಿತೆ. ಹಿಂದೆ ಕೆಲಸ ಮಾಡುತ್ತಿದ್ದ ಕಂಪನಿಯಲ್ಲಿ ಹೋಲ್ ಪಂಚ್ ಕೋಡ್ ನನ್ನ ಕೈಯಲ್ಲಿತ್ತು, ಅಂದರೆ ಫೈಲಿನ ನಡುವಿನ ಒಂದು ಭಾಗವನ್ನು ಬಿಟ್ಟುಕೊಡುವುದು. ರೀಡ್, ರೈಟ್ ಎರಡಕ್ಕೂ ಲಾಕ್ ಹಾಕಿದ್ದೆ. ಫೈಲನ್ನು ನೇರವಾಗಿ ತಮ್ಮ ಮೆಮೊರಿಗೆ ಜೋಡಿಸಿಕೊಂಡವರು, ಅಂದರೆ ಎಮ್‌ಮ್ಯಾಪ್ ಮಾಡಿಕೊಂಡವರು, ಮೆಮೊರಿಯಲ್ಲಿಲ್ಲದ ಪೇಜ್ ಮುಟ್ಟಿದಾಗ ಅದನ್ನು ತರುವ ಪೇಜ್ ಫಾಲ್ಟ್ ದಾರಿಯಿಂದ ಬರುತ್ತಾರೆ ಅನ್ನುವುದು ಹೊಳೆಯಲೇ ಇಲ್ಲ. ಕೋಡ್ ಮೊದಲು ಪೇಜ್‌ಗಳನ್ನು ಮೆಮೊರಿಯಿಂದ ತೆಗೆಯುತ್ತಿತ್ತು, ಆಮೇಲೆ ಬ್ಲಾಕ್ ಬಿಡುತ್ತಿತ್ತು. ಆ ಎರಡರ ನಡುವೆ ಒಂದು ಫಾಲ್ಟ್ ಬಂದು ಹಳೇ ಬ್ಲಾಕಿನ ಪೇಜನ್ನು ವಾಪಸ್ ತಂದುಕೊಂಡಿತು. ಬ್ಲಾಕ್ ಇನ್ನೊಂದು ಫೈಲಿಗೆ ಹೋಯಿತು. ಹಳೇ ಪೇಜ್ ಬರೆದದ್ದು ಆ ಇನ್ನೊಬ್ಬರ ಡೇಟಾ ಮೇಲೆ. ಎರಡು ತಿಂಗಳು ಬಿಟ್ಟು ಗೊತ್ತಾಯಿತು. ಕಳೆದುಕೊಂಡವರ ಹತ್ತಿರ ಮಾತಾಡಿದ್ದು ನಾನೇ. ಆ ದಿನ ನನಗೆ ಊಟ ಸೇರಲಿಲ್ಲ.

ಫಾಲ್ಟ್ ದಾರಿಯಲ್ಲೂ ಫೈಲಿನ ವಿವರ ಇಟ್ಟಿರುವ ಐನೋಡ್‌ನ ಲಾಕನ್ನೇ ಹಿಡಿದರಾಯಿತಲ್ವಾ ಅಂತ ನೀನು ಕೇಳಬಹುದು. ನಾನೂ ಹಾಗೇ ಅಂದುಕೊಂಡೆ. ಆದರೆ ರೈಟ್ ದಾರಿ ಮೊದಲು ಐನೋಡ್ ಲಾಕ್ ಹಿಡಿಯುತ್ತದೆ, ಬಳಕೆದಾರರ ಬಫರ್ ಓದುವಾಗ ಫಾಲ್ಟ್ ಆದರೆ ಪ್ರೋಗ್ರಾಮಿನ ಮೆಮೊರಿ ನಕ್ಷೆ ಕಾಯುವ ಎಮ್‌ಮ್ಯಾಪ್ ಲಾಕ್ ಬೇಕಾಗುತ್ತದೆ. ಫಾಲ್ಟ್ ದಾರಿ ಎಮ್‌ಮ್ಯಾಪ್ ಲಾಕ್ ಹಿಡಿದುಕೊಂಡೇ ಬರುತ್ತದೆ. ಅಲ್ಲಿ ಐನೋಡ್ ಲಾಕ್ ಕೇಳಿದರೆ ಒಬ್ಬರಿಗಾಗಿ ಒಬ್ಬರು ಕಾಯುತ್ತಾ ಇಬ್ಬರೂ ನಿಂತುಬಿಡುತ್ತಾರೆ, ಅದೇ ಡೆಡ್‌ಲಾಕ್. ಅದಕ್ಕೇ ಅಲ್ಲಿಗೆ ಬೇರೆ ಲಾಕ್ ಬೇಕಾಯಿತು. ಎಕ್ಸ್‌ಎಫ್‌ಎಸ್, ಇಎಕ್ಸ್‌ಟಿ 4 ಫೈಲ್ ಸಿಸ್ಟಮ್‌ಗಳು ಮೊದಲು ತಮ್ಮ ತಮ್ಮದೇ ಇಟ್ಟುಕೊಂಡಿದ್ದವು. 2021ರಲ್ಲಿ ಲಿನಕ್ಸ್ 5.15ಕ್ಕೆ ಅದರ ಡೆವಲಪರ್ ಯಾನ್ ಕಾರಾ ಎಲ್ಲರಿಗೂ ಸೇರಿ ಇನ್‌ವ್ಯಾಲಿಡೇಟ್ ಲಾಕ್ ತಂದರು. ಆ ಪ್ಯಾಚ್‌ಗಳನ್ನು ಓದು. ಯಾವ ಲಾಕ್ ಆದಮೇಲೆ ಯಾವುದು ಅಂತ ಫೈಲ್‌ಮ್ಯಾಪ್ ಕೋಡಿನ ತಲೆಯಲ್ಲೇ ಉದ್ದಕ್ಕೆ ಬರೆದಿಟ್ಟಿದ್ದಾರೆ. ಅದನ್ನೂ ಓದು.

ರೀನೇಮ್ ಕೂಡ ಹಾಗೇ. ಎರಡು ಡೈರೆಕ್ಟರಿ ನಡುವೆ ರೀನೇಮ್ ಆಗುವಾಗ ಕರ್ನೆಲ್, ಅಂದರೆ ಲಿನಕ್ಸ್‌ನ ತಿರುಳು, ಇಡೀ ಫೈಲ್ ಸಿಸ್ಟಮ್‌ಗೆ ಒಂದೇ ಆದ ರೀನೇಮ್ ಮ್ಯೂಟೆಕ್ಸ್ ಮೊದಲು ಹಿಡಿಯುತ್ತದೆ. ಇಲ್ಲದಿದ್ದರೆ ಇಬ್ಬರು ಒಟ್ಟಿಗೆ ಹೊರಟು 'ಅ' ಡೈರೆಕ್ಟರಿಯನ್ನು 'ಆ' ಡೈರೆಕ್ಟರಿಯ ಒಳಗೂ 'ಆ' ಅನ್ನು 'ಅ' ಒಳಗೂ ಹಾಕಿಬಿಡಬಹುದು. ಆಗ ಎರಡೂ ಡೈರೆಕ್ಟರಿಗಳ ಮರದಿಂದ ಕಳಚಿಹೋಗುತ್ತವೆ.

ಇಷ್ಟೆಲ್ಲ ತಲೆನೋವು ಯಾಕೆ, ಒಂದೇ ದೊಡ್ಡ ಲಾಕ್ ಸಾಕು ಅನ್ನಿಸಬಹುದು. 1996ರಲ್ಲಿ ಲಿನಕ್ಸ್ 2.0 ಹಾಗೇ ಒಂದು ದೊಡ್ಡ ಲಾಕ್ ಇಟ್ಟುಕೊಂಡು ಶುರು ಮಾಡಿತು. ಅದನ್ನು ಪೂರ್ತಿ ಕಿತ್ತುಹಾಕಲು 2011 ಬರಬೇಕಾಯಿತು. ಯಾವುದನ್ನು ಕಾಯುತ್ತಿದೆ ಅಂತ ಯಾರೂ ಬರೆದಿಡದ ಲಾಕನ್ನು ತೆಗೆಯಲು ಎಲ್ಲರಿಗೂ ಭಯ.

ಈಗ ನೀನು ಮಾಡಬೇಕಾದ್ದು. ಮೊದಲು ನಿನ್ನ ಲಾಕ್ ತೆಗೆದುಹಾಕು. ಹಳೇ ಕೋಡಿನಲ್ಲಿ ಬಿಟ್ ನೋಡುವುದಕ್ಕೂ ಬರೆಯುವುದಕ್ಕೂ ನಡುವೆ ಬೇಕಂತಲೇ ಒಂದಷ್ಟು ಮಿಲಿಸೆಕೆಂಡ್ ನಿಲ್ಲಿಸು. ಫೈಲ್ ಸಿಸ್ಟಮ್ ಮೇಲೆ ಒಟ್ಟೊಟ್ಟಿಗೆ ಕೆಲಸ ಹೇರಿ ಪರೀಕ್ಷಿಸುವ ಎಫ್‌ಎಸ್‌ಸ್ಟ್ರೆಸ್ ಓಡಿಸು. ಯಾವಾಗಲೋ ಬರುತ್ತಿದ್ದ ತಪ್ಪು ಪ್ರತಿ ಸಲ ಬರಬೇಕು. ಬಂದಮೇಲೆ ಸರಿ ಮಾಡಿದ ಕೋಡ್ ಹಾಕಿ, ಆ ನಿಲ್ಲುವ ಸಾಲನ್ನು ಹಾಗೇ ಬಿಟ್ಟು ಮತ್ತೆ ಓಡಿಸು. ಆಗ ತಪ್ಪು ಬರದಿದ್ದರೆ ನನಗೂ ನಂಬಿಕೆ ಬರುತ್ತದೆ. ಲಾಕ್‌ಡೆಪ್ ಆನ್ ಇರಲಿ. 2006ರಿಂದ ಕರ್ನೆಲ್‌ನಲ್ಲಿದೆ, ಡೆಡ್‌ಲಾಕ್ ಆಗುವ ಮುಂಚೆಯೇ ಲಾಕ್ ಹಿಡಿದ ಕ್ರಮ ನೋಡಿ ಎಚ್ಚರಿಸುತ್ತದೆ. ಅದು ಏನಾದರೂ ಹೇಳಿದರೆ ಸುಳ್ಳು ಎಚ್ಚರಿಕೆ ಅಂತ ಬಾಯಿ ಮುಚ್ಚಿಸಬೇಡ, ನನಗೆ ಕಳಿಸು.

ಭಾನುವಾರ ಬರುವಾಗ ಲ್ಯಾಪ್‌ಟಾಪ್ ತಾ. ಟ್ರಂಕೇಟ್ ದಾರಿಯನ್ನು ಇಬ್ಬರೂ ಕೂತು ಸಾಲು ಸಾಲಾಗಿ ಓದೋಣ, ನನಗೆ ಅಲ್ಲೇ ಅನುಮಾನ. ಶ್ರೀನಿವಾಸಪುರದ ಮಾವು ಬಂದಿದೆ. ನಿನ್ನ ಪಾಲು ದೊಡ್ಡಮ್ಮ ತೆಗೆದಿಟ್ಟಿದ್ದಾಳೆ.

ಇಂತಿ,
ನಿನ್ನ ದೊಡ್ಡಪ್ಪ